ಕ್ಲಚ್ ಒತ್ತಿದರೆ ಸದ್ದು ಮಾಯ: ಯಾವ ಬೇರಿಂಗ್?

ನೀವು ಬರೆದ ಒಂದು ಮಾತಿನಲ್ಲೇ ಅರ್ಧ ಉತ್ತರವಿದೆ: ನ್ಯೂಟ್ರಲ್‌ನಲ್ಲಿ ನಿಂತಾಗ ಗೊರಗೊರ, ಕ್ಲಚ್ ಒತ್ತಿದೊಡನೆ ನಿಶ್ಶಬ್ದ. ಹಾಗಾದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ ಬೇಡ. ಅದು ಕೆಟ್ಟಿದ್ದರೆ ಪೆಡಲ್ ಒತ್ತಿದಾಗಲೇ ಕೂಗಬೇಕಿತ್ತು. ಅಲ್ಲದೆ ನಿಮ್ಮ 1972ರ ಎಂಜಿಬಿಯಲ್ಲಿ ಅಲ್ಲಿರುವುದು ಗುಂಡುಗಳ ಬೇರಿಂಗೇ ಅಲ್ಲ, ಕಾರ್ಬನ್ ಉಂಗುರ. (ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡೇ ನಿಲ್ಲುವ ಚಟವಿದ್ದರೆ ಬಿಡಿ, ಉಂಗುರ ಬೇಗ ಸವೆಯುತ್ತದೆ.)

ಕ್ಲಚ್ ಬಿಟ್ಟಾಗ ನ್ಯೂಟ್ರಲ್‌ನಲ್ಲೂ ತಿರುಗುವುದು ಇನ್‌ಪುಟ್ ಶಾಫ್ಟ್ ಮತ್ತು ಅದರ ಕೆಳಗಿನ ಲೇಶಾಫ್ಟ್ ಗೇರುಗಳು. ಎರಡರಲ್ಲಿ ಯಾವುದು? ಓಡಿಸಿ ನೋಡಿ. ನಾಲ್ಕನೇ ಗೇರಿನಲ್ಲಿ ಎಂಜಿನ್ ಶಕ್ತಿ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಲೇಶಾಫ್ಟ್ ಗೇರುಗಳು ಸುತ್ತುತ್ತವೆ, ಭಾರ ಹೊರುವುದಿಲ್ಲ. ಮೊದಲ ಮೂರರಲ್ಲಿ ಜೋರಾಗಿದ್ದ ಸದ್ದು ನಾಲ್ಕರಲ್ಲಿ ಇಳಿದರೆ ಲೇಶಾಫ್ಟ್‌ನ ನೀಡಲ್ ರೋಲರ್‌ಗಳು ಸವೆದಿರುವ ಸಾಧ್ಯತೆಯೇ ಹೆಚ್ಚು. ಈ ಗೇರ್‌ಬಾಕ್ಸಿನ ಹಳೆಯ ಕಾಯಿಲೆ ಅದು. ನಾಲ್ಕರಲ್ಲೂ ಅಷ್ಟೇ ಇದ್ದರೆ ಇನ್‌ಪುಟ್ ಬೇರಿಂಗ್ ಕಡೆ ನೋಡಿ.

ಬಿಚ್ಚುವ ಮೊದಲು ಆಯಿಲ್ ಇಳಿಸಿ. ಹಳದಿ ಬಣ್ಣದ ನುಣ್ಣನೆಯ ಪುಡಿ ಸ್ವಲ್ಪ ಬಂದರೆ ಗಾಬರಿ ಬೇಡ. ಉಕ್ಕಿನ ಚೂರು ಕಂಡರೆ ಓಡಿಸುವುದನ್ನು ನಿಲ್ಲಿಸಿ. ದಪ್ಪ ಗೇರ್ ಆಯಿಲ್ ಸುರಿದು ಸದ್ದಡಗಿಸುವ ಉಪಾಯ ನನಗೆ ಹಿಡಿಸುವುದಿಲ್ಲ. ಈ ಗೇರ್‌ಬಾಕ್ಸಿಗೆ 20ಡಬ್ಲ್ಯು-50 ಎಂಜಿನ್ ಆಯಿಲ್ಲೇ ಸರಿ.

ರಿಪೇರಿಗೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೇ ಮೇಲೆತ್ತಬೇಕು. ಆ ಕೂಲಿ ಹೇಗೂ ಕೊಡುತ್ತೀರಿ, ಕ್ಲಚ್, ಕಾರ್ಬನ್ ಉಂಗುರ, ಆಯಿಲ್ ಸೀಲ್ ಅದೇ ಸಲ ಬದಲಿಸಿಬಿಡಿ. ಲೇಶಾಫ್ಟ್‌ನ ಮೈ ಗುಳಿಬಿದ್ದಿದ್ದರೆ ಬೇರಿಂಗ್ ಜೊತೆ ಅದನ್ನೂ ಹೊಸದು ಹಾಕಿಸಿ.