ಗೋಣಿಚೀಲದಲ್ಲಿ ಬಂದ ಕೋವಿ

ಮಳೆ ಬಿಟ್ಟ ಒಂದು ಸಂಜೆ ನನ್ನ ಕಚೇರಿಗೆ ಒಬ್ಬ ಬೆಳೆಗಾರರು ಹದಿನಾಲ್ಕು ವರ್ಷದ ಮಗನ ಜೊತೆ ಬಂದರು. ಕೈಯಲ್ಲಿ ಉದ್ದನೆಯ ಗೋಣಿಚೀಲ. ಪೇಟೆಯಲ್ಲಿ ಗುದ್ದಲಿ ಕಾವು ಕೊಂಡಿರಬೇಕು ಎಂದುಕೊಂಡೆ. ಮೇಜಿನ ಮೇಲಿಟ್ಟು ಬಿಚ್ಚಿದರೆ ಒಂಟಿ ನಳಿಕೆಯ ಹನ್ನೆರಡು ಬೋರಿನ ಕೋವಿ! ಹಿಡಿಗೆ ಎಣ್ಣೆ ಸವರಿ ಮಿರಿಮಿರಿ ಮಾಡಿದ್ದರು.

"ವಕೀಲ್ರೇ, ಇದು ನಮ್ಮ ಅಪ್ಪಯ್ಯಂದು. ಇವನಿಗೆ ಈಡು ಕಲಿಯೋ ಆಸೆ. ಎತ್ತಿದ್ರೆ ಮೂತಿ ಕೆಳಗೆ ಬಾಗ್ತದೆ, ಹುಡುಗನ ತೋಳಿಗೆ ಭಾರ. ಮುಂದಿಂದ ಅರ್ಧ ಅಡಿ ಕೊಯ್ಸಿ ಹಗುರ ಮಾಡಿದ್ರೆ ಹೇಗೆ? ಕಮ್ಮಾರ ಆಗ್ತದೆ ಅಂದಿದ್ದಾನೆ. ಇಲ್ಲಾಂದ್ರೆ ಹಗುರದ್ದು ಯಾವ್ದಾದ್ರೂ ಹೊಸದು ತೆಗೀಲಾ?"

ಅಪ್ಪಯ್ಯ ಯಾವಾಗ ತೀರಿಕೊಂಡರು ಎಂದು ಕೇಳಿದೆ. ಎಂಟು ತಿಂಗಳಾಗಿತ್ತು. ಲೈಸೆನ್ಸ್ ಪುಸ್ತಕ ಅವರ ಹೆಸರಿನಲ್ಲೇ ಇತ್ತು. ಈ ಪುಣ್ಯಾತ್ಮರು ಸತ್ತವರ ಕೋವಿಯನ್ನು ಚೀಲದಲ್ಲಿ ಸುತ್ತಿ, ಬಸ್ಸಿನ ಸೀಟಿನ ಕೆಳಗೆ ತುರುಕಿ, ಪೊಲೀಸ್ ಠಾಣೆಯ ಎದುರಿನ ನಿಲ್ದಾಣದಲ್ಲೇ ಇಳಿದು ನಡೆದುಕೊಂಡು ಬಂದಿದ್ದರು. ಕಚೇರಿಗೆ ಹೋಗಲು ಹೆದರುವ ನಮ್ಮ ಜನ ಇಂಥದ್ದಕ್ಕೆ ಮಾತ್ರ ಹೆದರುವುದಿಲ್ಲ.

ಹುಡುಗನ ಆಸೆಯಲ್ಲಿ ತಪ್ಪಿಲ್ಲ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು ಹೊಡೆಯುವ ಪದ್ಧತಿ ಇದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯ ಕಟ್ಟುತ್ತಾರೆ. ಘಟ್ಟದ ಈಚೆಗಿನ ಊರುಗಳಲ್ಲೂ ಅಜ್ಜಂದಿರ ಷಿಕಾರಿ ಕತೆ ಕೇಳದೆ ಬೆಳೆದ ಮಕ್ಕಳು ಕಡಿಮೆ. ಇದರ ಮೇಲೆ ಅಮೆರಿಕದಲ್ಲಿರುವ ನೆಂಟರ ಫೋಟೊ ಬೇರೆ: ಹತ್ತು ವರ್ಷದ ಪೋರ, ಕಿತ್ತಳೆ ಬಣ್ಣದ ಕೋಟು, ಕೈಯಲ್ಲಿ ಇಪ್ಪತ್ತು ಬೋರಿನ ಕೋವಿ. ಅಲ್ಲಿಯ ಹಲವು ರಾಜ್ಯಗಳಲ್ಲಿ ದೊಡ್ಡವರ ಜೊತೆ ಮಕ್ಕಳು ಬೇಟೆಗೆ ಹೋಗಲು ಕಾನೂನೇ ದಾರಿ ಬಿಟ್ಟಿದೆ. ಇಲ್ಲಿ ಆ ದಾರಿಯಿಲ್ಲ. ಹಾಗಾಗಿ ಹುಡುಗನಿಗೆ ಯಾವ ಕೋವಿ ಒಳ್ಳೆಯದು ಎಂಬ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಒಂದೇ ಉತ್ತರ: ಯಾವುದೂ ಅಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮಿನ ಪ್ರಕಾರ 21 ವರ್ಷ ತುಂಬದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಹೊತ್ತುಕೊಂಡು ಓಡಾಡುವಂತಿಲ್ಲ. ಮೊದಲು ಈ ವಯಸ್ಸು 16 ಇತ್ತು, 1983ರ ತಿದ್ದುಪಡಿ ಅದನ್ನು 21 ಮಾಡಿತು. ಹಳಬರ ತಲೆಯಲ್ಲಿ ಈಗಲೂ ಹದಿನಾರೇ ಕೂತಿದೆ. "ನಾನು ಪಕ್ಕದಲ್ಲೇ ಇರ್ತೇನೆ, ಲೈಸೆನ್ಸ್ ನಂದೇ ಅಲ್ವಾ" ಎನ್ನುವವರಿಗೂ ಒಂದು ಮಾತು. ಲೈಸೆನ್ಸಿದ್ದವರ ಎದುರಿಗೆ ಅಥವಾ ಅವರ ಬರಹದ ಒಪ್ಪಿಗೆಯ ಮೇಲೆ ಬೇರೆಯವರು ಕೋವಿ ಒಯ್ಯಬಹುದು, ನಿಜ. ಆದರೆ ಅದು ರಿಪೇರಿಗೆ, ನವೀಕರಣಕ್ಕೆ, ಇಲ್ಲವೇ ಲೈಸೆನ್ಸುದಾರರೇ ಬಳಸುವುದಕ್ಕೆ ಮಾತ್ರ. ಮೊಮ್ಮಗ ಗುರಿ ಹಿಡಿಯುವುದು ಈ ಮೂರರಲ್ಲಿ ಯಾವುದೂ ಅಲ್ಲ. ಇನ್ನು 'ವರ್ಗಾವಣೆ' ಎಂಬ ಪದಕ್ಕೆ ಈ ಕಾಯ್ದೆಯಲ್ಲಿ ಬಾಡಿಗೆ, ದಾನ, ಎರವಲು, ಕೈಬದಲು ಎಲ್ಲವೂ ಸೇರುತ್ತವೆ. ಹುಡುಗನ ಕೈಗೆ ಕೋವಿ ಕೊಟ್ಟ ದೊಡ್ಡವರ ಮೇಲೆ ಬೀಳುವ ಕೇಸು ಇಲ್ಲಿಂದ ಹುಟ್ಟುತ್ತದೆ. ಮಗನ ಕಡತ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಅಪ್ಪನದು ಮ್ಯಾಜಿಸ್ಟ್ರೇಟರ ಮುಂದೆ ಬರುತ್ತದೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆಯಲ್ಲ ಎಂದು ಕೇಳುತ್ತೀರಿ. ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅದು ಲೈಸೆನ್ಸಿನಿಂದ ಸಿಕ್ಕ ವಿನಾಯಿತಿ. ಬೇಟೆಯ ನಿಷೇಧಕ್ಕೂ ಅದಕ್ಕೂ ಸಂಬಂಧವಿಲ್ಲ. ಕೊಡಗಿನಲ್ಲಿ ಮನೆಯಿದ್ದ ಮಾತ್ರಕ್ಕೆ ಎಲ್ಲರಿಗೂ ಅನ್ವಯಿಸುವುದೂ ಇಲ್ಲ. ಹತ್ತು ವರ್ಷ ತೋಟದಲ್ಲಿ ರೈಟರಾಗಿದ್ದವರೊಬ್ಬರು ಧಣಿಯ ವಿನಾಯಿತಿ ಪತ್ರದ ಜೆರಾಕ್ಸ್ ಜೇಬಿನಲ್ಲಿಟ್ಟುಕೊಂಡು ಅವರ ಕೋವಿ ಹಿಡಿದು ರಾತ್ರಿ ಕಾವಲು ಕಾಯುತ್ತಿದ್ದರು. ಜೆರಾಕ್ಸ್ ತೋರಿಸಿದ ಮೇಲೇ ಅವರನ್ನು ಜೀಪಿಗೆ ಹತ್ತಿಸಿದ್ದು.

ನನ್ನ ಕಕ್ಷಿದಾರರನ್ನು ಅತಿ ಹೆಚ್ಚು ಮುಳುಗಿಸಿದ್ದು ಮಾತ್ರ ಇದಾವುದೂ ಅಲ್ಲ, ಸತ್ತವರ ಕೋವಿ. ಲೈಸೆನ್ಸ್ ಮನೆಗೆ ಕೊಟ್ಟದ್ದಲ್ಲ, ಆ ಒಬ್ಬ ಮನುಷ್ಯನಿಗೆ ಕೊಟ್ಟದ್ದು. ಜಮೀನಿನ ಹಾಗೆ ಪೌತಿ ಖಾತೆ ಮಾಡಿಸುವವರೆಗೆ ಇದ್ದಲ್ಲೇ ಇರಲಿ ಎನ್ನುವುದಕ್ಕೆ ಬರುವುದಿಲ್ಲ. ಲೈಸೆನ್ಸುದಾರರ ಉಸಿರು ನಿಂತಿತೆಂದರೆ ಗೋಡೆಯ ಮೇಲಿನ ಕೋವಿ ಮನೆಯವರ ಕೈಯಲ್ಲಿ ಲೈಸೆನ್ಸಿಲ್ಲದ ಕೋವಿ. 2019ರ ತಿದ್ದುಪಡಿಯಾದ ಮೇಲೆ ಅದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು, ಮೇಲೆ ದಂಡ. ತಕ್ಕ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡುವ ಅಧಿಕಾರ ನ್ಯಾಯಾಧೀಶರಿಗಿದೆ. ಅದನ್ನು ನಂಬಿಕೊಂಡು ಕೂರಬೇಡಿ.

21ನೇ ಕಲಮಿನ ಪ್ರಕಾರ ಹೀಗೆ ಕೈಗೆ ಬಂದ ಕೋವಿಯನ್ನು 'ಅನಾವಶ್ಯಕ ತಡವಿಲ್ಲದೆ' ಠೇವಣಿ ಇಡಬೇಕು. ದಿನಗಳ ಲೆಕ್ಕ ಅಲ್ಲಿಲ್ಲ. ವೈಕುಂಠ ಸಮಾರಾಧನೆ ಮುಗಿಯಲಿ ಎಂದು ಕಾಯುವುದು ಅರ್ಥವಾಗುತ್ತದೆ, ವರ್ಷಾಬ್ದಿಕ ಮುಗಿಯಲಿ ಎಂದರೆ ಯಾವ ವಕೀಲನೂ ಏನೂ ಮಾಡಲಾರ. ತಾವಾಗಿ ತಂದು ಕೊಟ್ಟವರನ್ನು ನೋಡುವ ಕಣ್ಣೇ ಬೇರೆ, ಮನೆ ಜಾಲಾಡಿದಾಗ ಸಿಕ್ಕಿಬಿದ್ದವರನ್ನು ನೋಡುವ ಕಣ್ಣೇ ಬೇರೆ.

ಠೇವಣಿ ಎಲ್ಲಿ? ಎಲ್ಲರಿಗೂ ಗೊತ್ತಿರುವುದು ಠಾಣೆ. ಲೈಸೆನ್ಸಿರುವ ಕೋವಿ ಅಂಗಡಿಯಲ್ಲೂ ಇಡಬಹುದು ಎಂದು ಠಾಣೆಯಲ್ಲಿ ಯಾರೂ ಹೇಳುವುದಿಲ್ಲ. ಅಂಗಡಿಯವರು ಬಾಡಿಗೆ ತೆಗೆದುಕೊಳ್ಳುತ್ತಾರೆ, ಆದರೆ ಒರೆಸಿ ಇಡುತ್ತಾರೆ. ಠಾಣೆಯ ಮೂಲೆಯಲ್ಲಿ ಮೂರು ಮಳೆಗಾಲ ಕಳೆದ ಕೋವಿಯ ನಳಿಕೆಯೊಳಗೆ ಟಾರ್ಚ್ ಬಿಟ್ಟು ನೋಡಿದವನು ನಾನು, ಬೆಳಕು ಆಚೆ ಬರಲಿಲ್ಲ. ಇನ್ನೊಂದು, ಕೋವಿ ಕೊಟ್ಟು ತೋಟೆ ಮರೆಯುತ್ತಾರೆ. ಅಜ್ಜನ ಟ್ರಂಕಿನಲ್ಲಿ, ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ, ದೇವರ ಕೋಣೆಯ ಅಟ್ಟದಲ್ಲಿ ಇರುತ್ತವೆ. ಕೋವಿಯಿಲ್ಲದ ತೋಟೆಗೂ ಕೇಸಾಗುತ್ತದೆ. ಹುಡುಕಿ ಕೊಡಿ.

ಆಮೇಲೆ ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅರ್ಜಿ ಈಗ ಆನ್‌ಲೈನ್. ಮರಣ ಪ್ರಮಾಣಪತ್ರ, ಹಳೆಯ ಲೈಸೆನ್ಸ್, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್, ಕೋವಿ ಬಳಸುವ ತರಬೇತಿಯ ಪತ್ರ, ವೈದ್ಯರ ಪತ್ರ ಬೇಕು. ಬರೆದರೆ ಒಂದು ಸಾಲು. ನಿಂತುಹೋಗುವುದು ಅಫಿಡವಿಟ್ಟಿನಲ್ಲಿ: ಅಣ್ಣತಮ್ಮಂದಿರ ತೋಟದ ಜಗಳ ಕೋವಿಯ ಮೇಲೆ ಬಂದು ಕೂರುತ್ತದೆ. ಗಂಡುಮಕ್ಕಳು ಹೀಗೆ ಕಚ್ಚಾಡುವಾಗ ತೀರಿಕೊಂಡವರ ಹೆಂಡತಿಯ ನೆನಪೇ ಯಾರಿಗೂ ಆಗುವುದಿಲ್ಲ. ಅವರೂ ವಾರಸುದಾರರೇ, ಅವರ ಹೆಸರಿಗೂ ಲೈಸೆನ್ಸ್ ಕೇಳಬಹುದು. ಅಜ್ಜ ಬದುಕಿದ್ದರೆ ಇನ್ನೂ ಸುಲಭ. ಅವರಿಗೆ 70 ತುಂಬಿದ್ದರೆ, ಅಥವಾ ಆ ಕೋವಿ ಅವರ ಬಳಿ 25 ವರ್ಷ ಇದ್ದರೆ, ತಾವಾಗಿ ಒಬ್ಬ ವಾರಸುದಾರರನ್ನು ಹೆಸರಿಸಿ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಅಪ್ಪನ ಹತ್ತಿರ ಈ ಮಾತೆತ್ತಲು ಮಕ್ಕಳಿಗೆ ಸಂಕೋಚ. ಆ ಸಂಕೋಚದಿಂದ ನನಗೆ ಸಿಕ್ಕ ಫೀಸು ಸಾಕಷ್ಟಿದೆ.

ಇಲ್ಲಿಗೆ ಬ್ರೋಕರು ಬರುತ್ತಾನೆ. "ಒಳಗೆ ಕೊಡ್ಬೇಕು ಸಾರ್, ಇಲ್ಲಾಂದ್ರೆ ರಿಪೋರ್ಟೇ ಬರಲ್ಲ." ಠಾಣೆಯ ವರದಿ ಗೊತ್ತುಪಡಿಸಿದ ಅವಧಿಯಲ್ಲಿ ಬಾರದಿದ್ದರೆ ಅದಕ್ಕೆ ಕಾಯದೆ ಆದೇಶ ಮಾಡುವ ಅಧಿಕಾರವನ್ನು 13ನೇ ಕಲಂ ಲೈಸೆನ್ಸ್ ಕೊಡುವವರಿಗೆ ಕೊಟ್ಟಿದೆ. ಬಳಸುವವರು ಕಡಿಮೆ, ಆದರೆ ಆ ಕಲಂ ಬರೆದು ಅರ್ಜಿ ಕೊಟ್ಟರೆ ಕಡತ ಮೇಜು ಬದಲಿಸುವುದನ್ನು ನೋಡಿದ್ದೇನೆ. ತಿರಸ್ಕಾರವಾದರೆ ಕಾರಣ ಬರಹದಲ್ಲಿ ಕೇಳಿ. "ಮೇಲಿನವರು ಬೇಡ ಅಂದ್ರು" ಎಂಬುದು ಕಾರಣವಲ್ಲ. ಕೈಯಲ್ಲಿ ಬರಹವಿದ್ದರೆ 18ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ಬಾಯಿಮಾತಿನ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ. ಬಾಯಿಮಾತಿನಲ್ಲೇ ಕಳಿಸಿಬಿಡುವುದು ಅದಕ್ಕೇ.

ಅಭಯಾರಣ್ಯದ ಅಂಚಿನವರಿಗೆ ಇನ್ನೊಂದು ತೊಡಕಿದೆ. ವನ್ಯಜೀವಿ ಕಾಯ್ದೆಯ 34ನೇ ಕಲಂ ಪ್ರಕಾರ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಕೋವಿ ಇರುವವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ವಿನಾಯಿತಿ ಪಡೆದವರನ್ನೂ ಬಿಟ್ಟಿಲ್ಲ. ಅಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆಯೂ ಬೇಕು. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಈ ಮೂರು ಅಭಯಾರಣ್ಯಗಳ ಸುತ್ತ ಹತ್ತು ಕಿಲೋಮೀಟರಿನ ಗೆರೆ ಎಳೆದು ನೋಡಿ, ಎಷ್ಟು ಊರು ಒಳಗೆ ಬೀಳುತ್ತವೆ ಎಂದು ಗೊತ್ತಾಗುತ್ತದೆ.

ಬೇಟೆ ಕಲಿಸುವ ಮಾತಿಗೆ ಬರೋಣ. ಲೈಸೆನ್ಸಿನ ಉದ್ದೇಶದ ಕಾಲಮ್ಮಿನಲ್ಲಿ 'ಬೆಳೆ ರಕ್ಷಣೆ' ಎಂದಿರುವುದನ್ನು ತೋರಿಸಿ ಹಂದಿ ಹೊಡೆಯಲು ಪರ್ಮಿಟ್ ಎನ್ನುವವರಿದ್ದಾರೆ. ಅಲ್ಲ. ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಬೆಳೆ ತಿಂದ ಹಂದಿಯನ್ನು ಕೊಲ್ಲಬೇಕಾದರೂ 11ನೇ ಕಲಮಿನಡಿ ಬರಹದ ಆದೇಶ ಬೇಕು. ಇಲ್ಲದಿದ್ದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಗುರಿ ತಪ್ಪಿದರೂ ಬೇಟೆಯೇ, ಉರುಳು ಹಾಕಿದರೂ ಬೇಟೆಯೇ, ಸೋವಿದರೂ ಬೇಟೆಯೇ. ಬೆಳೆ ಹಾನಿಗೆ ಪರಿಹಾರ ಕೊಡಲು ವರ್ಷಗಟ್ಟಲೆ ಓಡಾಡಿಸುವವರು ಹಂದಿ ಸತ್ತ ರಾತ್ರಿ ಎರಡು ಗಂಟೆಯಲ್ಲಿ ಜೀಪು ತರುವುದು ನನಗೂ ಸಿಟ್ಟು ತರಿಸುತ್ತದೆ. ಆದರೆ ಜಾಮೀನಿನ ಅರ್ಜಿಯಲ್ಲಿ ಸಿಟ್ಟು ಬರೆಯಲು ಬರುವುದಿಲ್ಲ.

ಹಾಗಾದರೆ ಹುಡುಗನಿಗೆ ಏರ್ ಗನ್ ಸಾಕೇ? 4.5 ಮಿಲಿಮೀಟರ್ ಬೋರಿನ, 20 ಜೂಲ್ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಅಂಗಡಿಯವನು ಅಷ್ಟು ಹೇಳಿ ಬಿಲ್ಲು ಬರೆಯುತ್ತಾನೆ. ಅದರಿಂದ ಕಾಡುಕೋಳಿ, ಪುರ್ಲೆಹಕ್ಕಿ ಹೊಡೆದರೆ ಅದೂ ಬೇಟೆಯೇ ಎನ್ನುವುದನ್ನು ನುಂಗುತ್ತಾನೆ. ತಗಡಿನ ಡಬ್ಬಿಗೆ ಹೊಡೆದು ಕಲಿಯಲಿ. ಇನ್ನೂ ಒಳ್ಳೆಯದು ರೈಫಲ್ ಕ್ಲಬ್. 21 ತುಂಬದವರು ತರಬೇತಿಯಲ್ಲಿ ಷರತ್ತಿನ ಮೇಲೆ ಕೋವಿ ಬಳಸಲು 9ನೇ ಕಲಂನಲ್ಲೇ ಒಂದು ಕಿಂಡಿ ಬಿಟ್ಟಿದ್ದಾರೆ. ಆ ಕಿಂಡಿ ಕ್ಲಬ್ಬಿನ ಮೈದಾನಕ್ಕೆ ತೆರೆಯುತ್ತದೆ, ನಿಮ್ಮ ಕಾಫಿ ತೋಟಕ್ಕಲ್ಲ. ಮುಂದೆ ಅವನಿಗೆ 21 ತುಂಬಿ ಲೈಸೆನ್ಸ್ ಸಿಕ್ಕಿ ಕೋವಿ ಕೊಳ್ಳುವಾಗಲೂ ಪಕ್ಕದ ಮನೆಯವರಿಂದ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಬೇಡಿ. ಮಾರುವವರು ಮೊದಲು ಜಿಲ್ಲಾ ದಂಡಾಧಿಕಾರಿಗೆ ಅಥವಾ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು.

ಇನ್ನು ಅರ್ಧ ಅಡಿ ಕೊಯ್ಯುವ ವಿಚಾರ. ಬೇರೆಲ್ಲ ಬಿಡಿ, ಆ ಸಂಜೆ ನನ್ನ ಎದೆ ಧಸಕ್ಕೆಂದದ್ದು ಇದಕ್ಕೆ. ಮರದ ಹಿಡಿ ಸವರುವುದು ಬೇರೆ. ನಳಿಕೆ ಗಿಡ್ಡ ಮಾಡಲು 6ನೇ ಕಲಮಿನಡಿ ಬೇರೆಯೇ ಲೈಸೆನ್ಸ್ ಬೇಕು. ಇಲ್ಲದೆ ಕೊಯ್ದರೆ ಕಳ್ಳ ಬಂದೂಕು ತಯಾರಿಸುವವರ ಸಾಲಿಗೇ ಸೇರುತ್ತೀರಿ: ಈಗ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಕಮ್ಮಾರನೂ ಜೊತೆಗೆ. ಮಗನ ತೋಳಿಗೆ ಹಗುರವಾಗಲಿ ಎಂದು ಮಾಡಿದ್ದು ಎಂಬ ಸಮಜಾಯಿಷಿ ಯಾವ ಕೋರ್ಟಿನಲ್ಲಿ ಹೇಳುವುದು?

ಅಂದೇ ರಾತ್ರಿ 21ನೇ ಕಲಂ ನಮೂದಿಸಿ ಎರಡು ಪ್ರತಿ ಪತ್ರ ಬರೆದೆ. ಠಾಣೆಗೆ ಫೋನ್ ಮಾಡಿ ತಿಳಿಸಿ ಮೂವರೂ ಹೋದೆವು. "ನಾಳೆ ಬನ್ನಿ, ಸಾಹೇಬ್ರಿಲ್ಲ" ಎಂದರು. ನಾಳೆಯವರೆಗೆ ಈ ಕೋವಿ ಯಾರ ವಶದಲ್ಲಿರಬೇಕು ಎಂದು ಬರೆದುಕೊಡಿ ಎಂದೆ. ಆಗ ರಿಜಿಸ್ಟರ್ ತೆರೆದರು. ಬರೆದುಕೊಟ್ಟ ರಸೀದಿಯಲ್ಲಿ 'ಹಳೇ ಬಂದೂಕು ಒಂದು' ಎಂದಷ್ಟೇ ಇತ್ತು. ಅಂಥ ರಸೀದಿ ಹಿಡಿದು ಮುಂದೆ ಹೋದರೆ ಯಾರದೋ ತುಕ್ಕು ಹಿಡಿದ ಕೇಪಿನ ಕೋವಿ ಕೈಗೆ ಬರುತ್ತದೆ. ನಂಬರ್ ಬರೆಯದೆ ಏಳುವುದಿಲ್ಲ ಎಂದು ಕೂತೆ. ಕರೆಂಟು ಬೇರೆ ಹೋಗಿತ್ತು. ಹುಡುಗ ಮೊಬೈಲಿನ ಬೆಳಕು ಹಿಡಿದು, ನಳಿಕೆಯ ಬುಡದಲ್ಲಿ ಸವೆದಿದ್ದ ಅಂಕಿಗಳನ್ನು ಬೆರಳಲ್ಲಿ ಒರೆಸಿ ಒರೆಸಿ ಒಂದೊಂದಾಗಿ ಓದಿದ. ನಾಲ್ಕನೆಯದು ಮೂರೋ ಎಂಟೋ ತಿಳಿಯಲಿಲ್ಲ. ಅಜ್ಜನ ಲೈಸೆನ್ಸ್ ಪುಸ್ತಕ ತೆಗೆದು ನೋಡಿದರೆ ಅಲ್ಲಿ ಎಂಟಿತ್ತು. ರೈಟರು ಮೂರು ಬರೆದಾಗಿತ್ತು, ತಿದ್ದಿಸಿ ಪಕ್ಕದಲ್ಲಿ ಸಹಿ ಹಾಕಿಸಿಕೊಂಡು ಎದ್ದೆವು.