ಮೊದಲು ಪೆನ್ಸಿಲ್, ಆಮೇಲೆ ಮೊಬೈಲ್

ಮೊಬೈಲ್ ಮುಟ್ಟಬೇಡಿ ಎಂದು ನಾನು ಹೇಳುವುದಿಲ್ಲ ಮಕ್ಕಳೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದವನು ನಾನು. ಸೀಮೆಸುಣ್ಣ, ಕರಿಹಲಗೆಯಿಂದ ಶುರುವಾದ ನನ್ನ ಕೆಲಸ ಸ್ಮಾರ್ಟ್ ಬೋರ್ಡಿನ ಮುಂದೆ ಮುಗಿಯಿತು. ಈಗ ಸಂಜೆ ಹೊತ್ತು ಹತ್ತನೇ ತರಗತಿಯ ಮಕ್ಕಳು ಲೆಕ್ಕ ಕೇಳಲು ಮನೆಗೆ ಬರುತ್ತಾರೆ, ಕೈಯಲ್ಲಿ ಮೊಬೈಲ್ ಇರುತ್ತದೆ. ಇರಲಿ. ಅದನ್ನು ಯಾವ ಹೊತ್ತಿಗೆ ತೆಗೆಯಬೇಕು ಅನ್ನುವುದಷ್ಟೇ ನನ್ನ ಮಾತು.

ಮೊನ್ನೆ ಒಂದು ಲೆಕ್ಕ ಕೊಟ್ಟೆ. ಒಂದು ಸೈಟು. ಅದರ ಉದ್ದ ಅಗಲಕ್ಕಿಂತ 10 ಅಡಿ ಹೆಚ್ಚು, ವಿಸ್ತೀರ್ಣ 1200 ಚದರ ಅಡಿ. ಅಗಲ ಎಷ್ಟು? ಒಬ್ಬ ಹುಡುಗ ಪುಸ್ತಕ ತೆರೆಯುವ ಮೊದಲೇ ಲೆಕ್ಕದ ಫೋಟೊ ತೆಗೆದ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ವರ್ಗಸಮೀಕರಣ, ಅಪವರ್ತನ, ಎರಡು ಮೂಲಗಳು: 30 ಮತ್ತು −40. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಅವನು ದುಂಡಗಿನ ಅಕ್ಷರದಲ್ಲಿ ಅದನ್ನೇ ಬರೆದು, −40ಕ್ಕೆ ಗೀಟು ಹಾಕಿ, 30 ಅಡಿ ಎಂದು ತೋರಿಸಿದ.

‘ಆ −40 ಯಾಕಪ್ಪಾ ಬಿಟ್ಟೆ?’ ಅಂದೆ.

‘ಮೈನಸ್ ಬರಬಾರದು ಸಾರ್.’

‘ಯಾಕೆ ಬರಬಾರದು?’

ಮಾತಿಲ್ಲ. ಪಕ್ಕದಲ್ಲಿದ್ದ ಹುಡುಗಿಯ ಅಪ್ಪ ಗಾರೆ ಕೆಲಸದವರು. ಅವಳು ಪೆನ್ಸಿಲ್ ಕೂಡ ಎತ್ತಿರಲಿಲ್ಲ. ‘ಸಾರ್, ಇದು ತರ್ಟಿ-ಫಾರ್ಟಿ ಸೈಟಲ್ವಾ?’ ಅಂದಳು.

ಹೌದು, ನಮ್ಮ ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲಿ ಹೊಲಗಳೆಲ್ಲ ಬಡಾವಣೆಗಳಾಗಿ, ಕಲ್ಲು ನೆಟ್ಟು ಮಾರುತ್ತಿರುವುದು ಅದೇ ಮೂವತ್ತು-ನಲವತ್ತರ ಸೈಟು. ಅವಳಿಗೆ ಅದು ಗೊತ್ತಿತ್ತು. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಕೇಳಿದೆ: ಉದ್ದ 40 ಅಡಿ, ನಾವು ಗೀಟು ಹಾಕಿದ ಸಂಖ್ಯೆಯೂ 40. ಅದೇ ಸಂಖ್ಯೆ ಮೈನಸ್ ಹಾಕಿಕೊಂಡು ಯಾಕೆ ಬಂತು? ತುಂಬ ಹೊತ್ತು ಹಿಡಿಯಿತು. ಅಗಲ −40 ಆದರೆ ಉದ್ದ ಅದಕ್ಕಿಂತ 10 ಹೆಚ್ಚು, ಅಂದರೆ −30. ಎರಡನ್ನೂ ಗುಣಿಸಿದರೆ ಮತ್ತೆ 1200! ಸಮೀಕರಣ ಸುಳ್ಳು ಹೇಳಿರಲಿಲ್ಲ. 10ರ ವ್ಯತ್ಯಾಸ ಇರುವ, ಗುಣಿಸಿದರೆ 1200 ಬರುವ ಎರಡು ಸಂಖ್ಯೆ ಕೇಳಿದೆವು, ಇರುವ ಎರಡು ಜೋಡಿಯನ್ನೂ ಕೊಟ್ಟಿತು. ಸಮೀಕರಣಕ್ಕೆ ಸೈಟು ಗೊತ್ತಿಲ್ಲ. ಸೈಟು ಗೊತ್ತಿರುವುದು ನಿಮಗೆ. ಇದು ಹೊಳೆದಾಗ ಆ ಹುಡುಗನ ಮುಖ ನೋಡಬೇಕಿತ್ತು. ಫೋಟೊ ತೆಗೆದು ಉತ್ತರ ಪಡೆದಾಗ ಆ ಮುಖದಲ್ಲಿ ಏನೂ ಇರಲಿಲ್ಲ.

ಅದಕ್ಕೇ ಹೇಳುವುದು, ಮೊದಲು ಹತ್ತು ನಿಮಿಷ ಪೆನ್ಸಿಲ್ ಹಿಡಿದು ಹೆಣಗಿ. ಚಿತ್ರ ಬರೆಯಿರಿ, ತಪ್ಪು ಹಾದಿ ಹಿಡಿಯಿರಿ, ಹೊಡೆದುಹಾಕಿ. ದಾರಿ ಮುಚ್ಚಿಹೋಯಿತು ಅನ್ನಿಸಿದಾಗ ಮೊಬೈಲ್ ತೆಗೆಯಿರಿ. ಆಗಲೂ ‘ಉತ್ತರ ಕೊಡು’ ಎಂದು ಕೇಳಬೇಡಿ. ‘ನಾನು ಇಲ್ಲಿಯವರೆಗೆ ಮಾಡಿದ್ದೇನೆ, ಎಲ್ಲಿ ತಪ್ಪಿದೆ, ಮುಂದಿನ ಒಂದು ಹೆಜ್ಜೆ ಮಾತ್ರ ಹೇಳು’ ಎಂದು ಕೇಳಿ. ಈಗಿನ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಇದನ್ನು ಚೆನ್ನಾಗಿ ಮಾಡುತ್ತವೆ, ಕನ್ನಡದಲ್ಲೂ ಮಾಡುತ್ತವೆ. ರಾತ್ರಿ ಹತ್ತು ಗಂಟೆಗೆ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೂ ಬೇಸರಪಡದೆ ಹೇಳಿಕೊಡುವ ಮೇಷ್ಟ್ರು ಹಳ್ಳಿಯ ಮಗುವಿಗೆ ಸಿಗುವುದು ಸಣ್ಣ ಮಾತಲ್ಲ. ಟ್ಯೂಷನ್ನಿಗೆ ದುಡ್ಡಿಲ್ಲದ ಮನೆಯ ಮಕ್ಕಳನ್ನು ಜೀವನವಿಡೀ ನೋಡಿದ ನನಗೆ ಅದರ ಬೆಲೆ ಗೊತ್ತು.

ಆದರೆ ಈ ಆ್ಯಪ್ ಗೊತ್ತಿಲ್ಲದ್ದನ್ನೂ ಗೊತ್ತಿರುವ ದನಿಯಲ್ಲೇ ಹೇಳುತ್ತದೆ, ತಡವರಿಸುವುದಿಲ್ಲ. ಅದನ್ನು ಎಷ್ಟು ನಂಬಬಹುದು ಎಂದು ತಿಳಿಯಬೇಕಾದರೆ ನಿಮಗೆ ಚೆನ್ನಾಗಿ ಗೊತ್ತಿರುವುದನ್ನೇ ಮೊದಲು ಕೇಳಿ. ನಿಮ್ಮೂರ ಕೆರೆ ಯಾವುದು, ಆ ಕೆರೆಯ ಕೋಡಿ ನೀರು ಎಲ್ಲಿಗೆ ಹೋಗುತ್ತದೆ, ನಿಮ್ಮೂರ ಜಾತ್ರೆ ಯಾವಾಗ, ಊರ ಮುಂದಿನ ವೀರಗಲ್ಲಿನಲ್ಲಿ ಏನು ಕೆತ್ತಿದೆ. ಎಲ್ಲಿ ಸರಿ ಹೇಳುತ್ತದೆ, ಎಲ್ಲಿ ಕಥೆ ಕಟ್ಟುತ್ತದೆ ಎಂದು ನಿಮ್ಮ ಕಣ್ಣಿಗೇ ಬೀಳುತ್ತದೆ. ನಿಮ್ಮೂರಿನ ಬಗ್ಗೆ ಕಥೆ ಕಟ್ಟುವುದು ರಸಾಯನಶಾಸ್ತ್ರದ ಬಗ್ಗೆಯೂ ಕಟ್ಟೀತು ಎಂಬ ಎಚ್ಚರ ಆಮೇಲೆ ತಾನಾಗಿ ಬರುತ್ತದೆ.

ನೇಕಾರರ ಮನೆಯ ಮಕ್ಕಳಿಗೆ ಒಂದು ಮಾತು. ‘ಕಂಪ್ಯೂಟರ್ ಎಲ್ಲ ಸಿಟಿಯವರಿಗೆ ಸಾರ್’ ಎಂದು ನಿಮ್ಮ ಬಾಯಲ್ಲಿ ಕೇಳಿದಾಗ ನನಗೆ ತಡೆಯಲಾಗುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ನಿಮ್ಮ ಮನೆಯ ಮಗ್ಗದ ಮೇಲೆ ಜಕಾರ್ಡ್ ಎಂಬ ಯಂತ್ರ ಕೂತಿದೆ. ಈಗ ಕೆಲವರು ಎಲೆಕ್ಟ್ರಾನಿಕ್ ಜಕಾರ್ಡ್ ಹಾಕಿಸಿದ್ದಾರೆ. ಹಳೆಯದು ಇದ್ದರೆ ಮಗ್ಗ ನಿಲ್ಲಿಸಿದಾಗ ಅಪ್ಪನನ್ನು ಕೇಳಿ, ಹತ್ತಿರ ಹೋಗಿ ನೋಡಿ. ದಪ್ಪ ರಟ್ಟಿನ ಪಟ್ಟಿಗಳನ್ನು ದಾರದಲ್ಲಿ ಹೊಲಿದು ಮಾಲೆಯಂತೆ ಇಳಿಬಿಟ್ಟಿರುತ್ತಾರೆ. ಒಂದೊಂದು ಪಟ್ಟಿಯಲ್ಲೂ ಸಣ್ಣ ಸಣ್ಣ ತೂತು. ತೂತು ಇದ್ದ ಕಡೆ ಕೊಕ್ಕೆ ಎದ್ದು ಹಾಸಿನ ಎಳೆಯನ್ನು ಮೇಲಕ್ಕೆತ್ತುತ್ತದೆ, ತೂತು ಇಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ, ನಡುವೆ ಲಾಳಿ ಹಾಯುತ್ತದೆ. ಹೊಕ್ಕಿನ ಎಳೆ ಒಂದು ಸಲ ಹಾಯ್ದರೆ ಒಂದು ಪಟ್ಟಿ ಮುಗಿಯಿತು, ಮುಂದಿನ ಪಟ್ಟಿ ಬಂತು. ನೂರಾರು ಪಟ್ಟಿ ಸರಿದ ಮೇಲೆ ಸೆರಗಿನಲ್ಲಿ ಒಂದು ನವಿಲು.

ಇದೆ, ಇಲ್ಲ. ಒಂದು, ಸೊನ್ನೆ. ಕಂಪ್ಯೂಟರಿನ ಒಳಗೆ ಇರುವುದೂ ಇಷ್ಟೇ. ಫ್ರಾನ್ಸಿನ ಲಿಯಾನ್ ರೇಷ್ಮೆಗೆ ಹೆಸರಾದ ಊರು. ಅಲ್ಲಿಯ ಜೋಸೆಫ್ ಮರೀ ಜಕಾರ್ಡ್ 1804ರ ಸುಮಾರಿಗೆ ಈ ಮಗ್ಗವನ್ನು ರೂಪಿಸಿದ. ಆ ತೂತಿನ ಪಟ್ಟಿಗಳನ್ನು ನೋಡಿಯೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರಕ್ಕೆ ಪಟ್ಟಿಗಳಿಂದಲೇ ಆಜ್ಞೆ ಕೊಡಬೇಕೆಂದು ಯೋಚಿಸಿದ. ಮಗ್ಗ ಹೂವು ಎಲೆ ನೇಯುವಂತೆ ಈ ಯಂತ್ರ ಬೀಜಗಣಿತವನ್ನು ನೇಯುತ್ತದೆ ಎಂಬ ಅರ್ಥದಲ್ಲಿ ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು 1843ರಲ್ಲಿ ಬರೆದಳು. 1890ರಲ್ಲಿ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ಎಂಬಾತ ತೂತಿನ ಕಾರ್ಡುಗಳಿಂದಲೇ ಲೆಕ್ಕ ಹಾಕಿದ. ಆ ವಂಶದಲ್ಲಿ ಹುಟ್ಟಿದ್ದೇ ನಿಮ್ಮ ಕೈಯಲ್ಲಿರುವ ಮೊಬೈಲ್. ಅದರ ಮುತ್ತಜ್ಜಿ ನಿಮ್ಮ ಪಡಸಾಲೆಯಲ್ಲಿ ಸದ್ದು ಮಾಡುತ್ತಾ ಕೂತಿದ್ದಾಳೆ.

ಆ ಪಟ್ಟಿಗೆ ತೂತು ಹಾಕುವವರು ಯಾರು ಎಂದು ಅಪ್ಪನನ್ನು ಕೇಳಿ. ಚೌಕಳಿ ಕಾಗದದ ಮೇಲೆ ಒಬ್ಬರು ನವಿಲನ್ನು ಬಿಡಿಸಿರುತ್ತಾರೆ. ಯಾವ ಮನೆ ತುಂಬಬೇಕು, ಯಾವುದು ಖಾಲಿ ಇರಬೇಕು ಎಂದು ಅವರು ಯೋಚಿಸಿರುತ್ತಾರೆ. ಮಗ್ಗಕ್ಕೆ ನವಿಲು ಗೊತ್ತಿಲ್ಲ. ತಂತ್ರಜ್ಞಾನ ಕಲಿಯುವುದು ಅಂದರೆ ಆ ಚೌಕಳಿ ಕಾಗದದ ಮುಂದೆ ಕೂರುವುದು. ಮಕ್ಕಳು ವಿಡಿಯೊ ನೋಡುವುದನ್ನೇ ಕಂಪ್ಯೂಟರ್ ಶಿಕ್ಷಣ ಅಂದುಕೊಂಡವರು ಬಹಳ ಇದ್ದಾರೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಂತೂ ಕಂಪ್ಯೂಟರುಗಳು ಹಾಳಾಗಬಾರದು ಎಂದು ಕೊಠಡಿಗೆ ಬೀಗ ಹಾಕಿ ಇಟ್ಟಿದ್ದರು. ಮಕ್ಕಳು ಮುಟ್ಟದೆಯೇ ಅವು ಹಾಳಾದವು. ನಿಮ್ಮ ಶಾಲೆಯಲ್ಲಿ ಅಂಥ ಬೀಗ ಇದ್ದರೆ ಎಸ್‌ಡಿಎಂಸಿ ಸಭೆಗೆ ಅಪ್ಪ ಅಮ್ಮನನ್ನು ಕಳಿಸಿ, ಕೀಲಿ ಎಲ್ಲಿದೆ ಎಂದು ಕೇಳಿಸಿ. ಅದು ನಿಮ್ಮ ಹಕ್ಕು.

ಯಂತ್ರ ಬಂದರೆ ಮೇಷ್ಟ್ರು ಬೇಡ ಎಂಬ ಮಾತು ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ಪಾಠ ಬಂತು. ನಮ್ಮಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳ್ಳಿಗಳು ಅದರಲ್ಲಿದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ ಶಾಲೆಗಳ ಮೇಲೆ ಆ್ಯಂಟೆನಾ ತಟ್ಟೆಗಳು ಕೂತವು. ಎಲ್ಲವೂ ಒಳ್ಳೆಯ ಉದ್ದೇಶದ ಕೆಲಸಗಳೇ. ಆದರೆ 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಏನಾಯಿತು ನೆನಪಿದೆಯೇ? ನೀವಾಗ ಚಿಕ್ಕವರು. ಚಂದನ ವಾಹಿನಿಯಲ್ಲಿ ಪಾಠ ಬಂತು, ಯೂಟ್ಯೂಬಿನಲ್ಲಿ ಬಂತು, ವಾಟ್ಸ್ಆ್ಯಪಿನಲ್ಲಿ ಹೋಂವರ್ಕ್ ಬಂತು. ಕೊನೆಗೆ ಆಗಸ್ಟಿನಲ್ಲಿ ವಿದ್ಯಾಗಮ ಎಂದು ಹೆಸರಿಟ್ಟು ಮೇಷ್ಟ್ರುಗಳೇ ಹಳ್ಳಿಗೆ ನಡೆದರು. ಅರಳಿಕಟ್ಟೆಯ ಮೇಲೆ, ಗುಡಿಯ ಜಗಲಿಯಲ್ಲಿ, ಮಾಸ್ಕ್ ಹಾಕಿಕೊಂಡು ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದೂ ನಿಂತಿತು. ಮನೆಯಲ್ಲಿದ್ದ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುತ್ತಿದ್ದ ಮನೆಗಳ ಮಕ್ಕಳು ಆ ವರ್ಷ ಕಳೆದುಕೊಂಡದ್ದನ್ನು ಆಮೇಲೆ ನಾನು ಲೆಕ್ಕದಲ್ಲಿ ಕಂಡಿದ್ದೇನೆ. ಎಂಟನೇ ತರಗತಿಗೆ ಬಂದವರಿಗೆ ಭಾಗಾಕಾರ ಬರುತ್ತಿರಲಿಲ್ಲ. ಅವರು ದಡ್ಡರಾಗಿರಲಿಲ್ಲ, ಪಕ್ಕದಲ್ಲಿ ಕೂತು ನೋಡುವವರು ಇರಲಿಲ್ಲ ಅಷ್ಟೇ.

ಪರೀಕ್ಷೆಯ ಮಾತು ಹೇಳಲೇಬೇಕು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ 83.89 ಇದ್ದ ಶೇಕಡಾವಾರು ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಪಡೆಯಲು ಬೇಕಾದ ಒಟ್ಟು ಅಂಕವನ್ನು ಶೇ 35ರಿಂದ 25ಕ್ಕೆ ತಗ್ಗಿಸಿ, ಕೃಪಾಂಕವನ್ನೂ ಹೆಚ್ಚಿಸಿದ ಮೇಲೆ. ಬಹಳ ಮಂದಿ ಕ್ಯಾಮೆರಾವನ್ನು ಬೈದರು. ನಾನು ಬೈಯಲಿಲ್ಲ. ನಕಲು ಮಾಡಿಸಿ ಪಾಸು ಮಾಡಿಸಿದ ಪ್ರತಿ ಮಗುವಿಗೂ ದೊಡ್ಡವರಾದ ನಾವು ಮೋಸ ಮಾಡುತ್ತಿದ್ದೆವು. ಈಗ ಲೆಕ್ಕದ ಫೋಟೊ ತೆಗೆದು ಉತ್ತರ ಇಳಿಸಿಕೊಳ್ಳುವ ಹೋಂವರ್ಕ್ ಕೂಡ ಮನೆಯೊಳಗೆ ನಡೆಯುವ ನಕಲೇ. ಅಲ್ಲಿ ಕ್ಯಾಮೆರಾ ಇಲ್ಲ, ನೀವೇ ನೋಡಿಕೊಳ್ಳಬೇಕು.

ಕನ್ನಡ ಮೀಡಿಯಂ ಎಂದು ಕುಗ್ಗಬೇಡಿ. ಕನ್ನಡ ಪದಕ್ಕೆ ಇಂಗ್ಲಿಷ್ ಪದ ಹೊಳೆಯದಿದ್ದರೆ ‘ಅಲರ್’ ಎಂಬ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿರುವ ಒಂದೂವರೆ ಲಕ್ಷದಷ್ಟು ಕನ್ನಡ ಪದಗಳಿಗೆ ವಿ. ಕೃಷ್ಣ ಎಂಬ ಒಬ್ಬರೇ ದಶಕಗಳ ಕಾಲ ಕೂತು ಇಂಗ್ಲಿಷ್ ಅರ್ಥ ಬರೆದಿದ್ದಾರೆ. 2019ರಲ್ಲಿ ಅದು ಎಲ್ಲರಿಗೂ ತೆರೆಯಿತು. ಅರ್ಧ ಕ್ಷಣದಲ್ಲಿ ನಿಮ್ಮ ಪರದೆಗೆ ಬರುವ ಒಂದು ಪದದ ಹಿಂದೆ ಅಷ್ಟು ದುಡಿಮೆ ಇದೆ. ವಿಜ್ಞಾನವನ್ನು ಕನ್ನಡದಲ್ಲಿ ತಿಳಿದುಕೊಂಡು, ಅದೇ ಪಾಠವನ್ನು ಇಂಗ್ಲಿಷಿನಲ್ಲಿ ಒಮ್ಮೆ ಓದಿ. ಪಿಯುಸಿಗೆ ಹೋದಾಗ ದಿಗಿಲಾಗುವುದಿಲ್ಲ.

ಈಗ ದೇವನಹಳ್ಳಿಯ ಹತ್ತಿರ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಣೆಯಾಗುತ್ತಿದೆ. ನಮ್ಮ ಹೆಣ್ಣುಮಕ್ಕಳು ಕಂಪನಿ ಬಸ್ಸು ಹತ್ತುತ್ತಿದ್ದಾರೆ. ದುಡಿದು ತಿನ್ನುವುದು ಗೌರವದ ವಿಷಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತನೇ ತರಗತಿ ಮುಗಿದ ಕೂಡಲೇ ಆ ಬಸ್ಸು ಹತ್ತುವ ಆತುರ ಬೇಡ. ಡಿಪ್ಲೊಮಾ ಮಾಡಿ, ಇಂಜಿನಿಯರಿಂಗ್ ಮಾಡಿ. ಸ್ಕ್ರೂ ಬಿಗಿಯುವ ಸಾಲಿನಿಂದ ಫೋನನ್ನು ವಿನ್ಯಾಸ ಮಾಡುವ ಮೇಜಿಗೆ ಇರುವ ದೂರ, ನಾನು ಮೇಲೆ ಹೇಳಿದ ಆ ಹತ್ತು ನಿಮಿಷಗಳನ್ನು ದಿನವೂ ಕೂಡಿಸಿದರೆ ಸವೆಯುವ ದೂರ.

ಗಂಡುಮಕ್ಕಳಿಗೆ ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಮನೆಯಲ್ಲಿ ಒಂದೇ ಮೊಬೈಲ್ ಇದ್ದರೆ ಅದು ನಿಮ್ಮದಲ್ಲ. ಅಕ್ಕನಿಗೆ, ತಂಗಿಗೆ ಅದರಲ್ಲಿ ಸಮಪಾಲು ಇದೆ. ಅವಳು ಪಾತ್ರೆ ತೊಳೆದು ಬರುವಷ್ಟರಲ್ಲಿ ಡೇಟಾ ಮುಗಿಸಿ ಇಡುವುದು ಅನ್ಯಾಯ. ಇವತ್ತು ನೀವು ಪಾತ್ರೆ ತೊಳೆಯಿರಿ, ಅವಳು ಲೆಕ್ಕ ಮಾಡಲಿ. ಹುಡುಗಿಯ ಕೈಗೆ ಮೊಬೈಲ್ ಕೊಟ್ಟರೆ ಕೆಡುತ್ತಾಳೆ ಎಂದು ಮನೆಯಲ್ಲಿ ಯಾರಾದರೂ ಅಂದರೆ ಅವಳ ಪರವಾಗಿ ನಿಂತು ಮಾತಾಡಿ. ನಿಮ್ಮ ಮಾತು ಅಲ್ಲಿ ನಡೆಯುತ್ತದೆ.

ಮೊಬೈಲೇ ಇಲ್ಲದವರು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಹಲವು ಕಡೆ ಕಂಪ್ಯೂಟರ್ ಇದೆ, ಪಠ್ಯಕ್ಕೆ ಹೊರಗಿನ ಪುಸ್ತಕಗಳಿವೆ. ಕಂಪ್ಯೂಟರ್ ಕೆಟ್ಟಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಪಿಡಿಒ ಬರೆದುಕೊಳ್ಳುವವರೆಗೆ ಕೂರಬೇಡಿ. ಹೋಗುವಾಗ ತಂಗಿಯನ್ನೂ ಕರೆದುಕೊಂಡು ಹೋಗಿ ಅವಳ ಹೆಸರನ್ನೂ ಬರೆಸಿ.