ಇಂದಿನ ಧಮ್ಮ ಚಿಂತನೆ: ಮೊಬೈಲ್, ಟಿವಿ, ಗೇಮ್ ಮತ್ತು ನಮ್ಮ ಬಿಡುವು



ಧಮ್ಮ ಬಂಧುಗಳೇ, ಕಳೆದ ಭಾನುವಾರ ಓದು ಮುಗಿದ ಮೇಲೆ ಒಬ್ಬ ಉಪಾಸಿಕೆ ಒಂದು ಪ್ರಶ್ನೆ ಕೇಳಿದರು. ಅವರು ಗಾರ್ಮೆಂಟ್ಸ್‌ಗೆ ಹೋಗುವವರು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಕಂತಿನ ಮೇಲೆ ಮಗನಿಗೆ ಫೋನ್ ಕೊಡಿಸಿದ್ದರು. ಹುಡುಗ ಈಗ ಪಿಯುಸಿ ಓದುತ್ತಿದ್ದಾನೆ. ರಾತ್ರಿ ಒಂದು ಗಂಟೆಯಾದರೂ ಗೇಮ್ ನಿಲ್ಲುವುದಿಲ್ಲ. "ಅವರಪ್ಪ ಒಡೆದು ಹಾಕ್ತೀನಿ ಅಂತಾರೆ, ಮೇಷ್ಟ್ರು ಕಿತ್ಕೊಳ್ಳಿ ಅಂತಾರೆ. ಧಮ್ಮದಲ್ಲಿ ಇದಕ್ಕೆ ಏನು ಹೇಳಿದೆ ಅಣ್ಣ?" ಎಂದರು.

ಅಷ್ಟು ಕೇಳಿದ್ದೇ ತಡ, ಎಲ್ಲರೂ ಮಾತಾಡತೊಡಗಿದರು. ಟಿವಿ ಬಂದು ಮನೆ ಕೆಟ್ಟಿತು, ಮೊಬೈಲ್ ಬಂದು ಮಕ್ಕಳು ಕೆಟ್ಟರು ಎಂದರು ಒಬ್ಬ ಹಿರಿಯರು. ಗೇಮ್ ಆಡಿದರೆ ತಲೆ ಚುರುಕಾಗುತ್ತದೆ ಎಂದ ಒಬ್ಬ ಹುಡುಗ. ಮೂಲೆಯಲ್ಲಿ ಕೂತಿದ್ದ ಅಜ್ಜಿ, "ನನ್ನ ಎರಡು ಸೀರಿಯಲ್ ಬಿಟ್ಟು ಮಿಕ್ಕಿದ್ದನ್ನ ಎಷ್ಟಾದರೂ ಬೈಕೊಳ್ಳಿ" ಎಂದಾಗ ಎಲ್ಲರೂ ನಕ್ಕೆವು. ಹೊತ್ತಾಗಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಆ ತಾಯಿಯ ಪ್ರಶ್ನೆಗೆ ಉತ್ತರ ಮಾತ್ರ ಬಾಕಿ ಉಳಿಯಿತು. ಇಂದು ಅದನ್ನೇ ನೋಡೋಣ.

ಮೊದಲು, ಯಂತ್ರವೇ ಕೆಟ್ಟದ್ದು ಎಂಬ ಮಾತು. ಇದು ಬಾಬಾಸಾಹೇಬರ ಮಾತಲ್ಲ. 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧೀಜಿ ಅಸ್ಪೃಶ್ಯರಿಗೆ ಏನು ಮಾಡಿದರು ಎಂದು ವಿಚಾರಿಸುವ ಪುಸ್ತಕ ಬರೆದಾಗ ಅವರು ಈ ವಿಷಯವನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಅವರ ವಾದ ಸರಳವಾದದ್ದು. ಪಶುವಿಗೂ ಮನುಷ್ಯನಿಗೂ ಇರುವ ಅಂತರ ಸಂಸ್ಕೃತಿ. ಸಂಸ್ಕೃತಿ ಬೆಳೆಯಬೇಕಾದರೆ ಬಿಡುವು ಬೇಕು. ಹೊಟ್ಟೆಪಾಡಿಗಾಗಿ ಇಡೀ ದಿನ ಮೈ ಮುರಿಯುವವನಿಗೆ ಬಿಡುವು ಎಲ್ಲಿಂದ ಬರಬೇಕು? ಯಂತ್ರದಿಂದ. ಹಾಗಾಗಿ ಯಂತ್ರ ಬೇಡ, ಹಳ್ಳಿಯ ಹಳೆಯ ಬದುಕಿಗೆ ಮರಳೋಣ ಎನ್ನುವವರು ದುಡಿಯುವ ಜನರನ್ನು ದುಡಿತದಲ್ಲೇ ಇರಿಸುತ್ತಾರೆ ಎಂದು ಅವರು ವಾದಿಸಿದರು. ಯಂತ್ರಯುಗದ ಕೇಡುಗಳನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಆ ಕೇಡು ಯಂತ್ರದ್ದಲ್ಲ, ಖಾಸಗಿ ಲಾಭವನ್ನೇ ದೊಡ್ಡದೆಂದು ನಂಬಿದ ಸಮಾಜ ವ್ಯವಸ್ಥೆಯದು ಎಂದರು.

ಇದನ್ನು ನಮ್ಮ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಗಿ ಕಲ್ಲಿನ ಮುಂದೆ ಬೆಳಗಿನ ಜಾವ ಕೂತವರು, ಸೇದುವ ಬಾವಿ ಮುಟ್ಟಬಾರದೆಂದು ಯಾರಾದರೂ ನೀರು ಹೊಯ್ಯಲಿ ಎಂದು ಕೊಡ ಹಿಡಿದು ಕಾದವರು ಅವರು. ಮಿಕ್ಸಿ, ಗ್ಯಾಸ್, ಮನೆ ಮುಂದಿನ ನಲ್ಲಿ ಬಂದಾಗ ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹಾಡಿ ಹೊಗಳಿದವರು ಯಾರು ನೋಡಿ. ಬಹುಪಾಲು ಕಲ್ಲು ಬೀಸದವರೇ.

ಬಾಬಾಸಾಹೇಬರು ತಮ್ಮ ಕಾಲದ ಯಂತ್ರಗಳನ್ನು ಬಿಡಲಿಲ್ಲ. 1920ರ ಜನವರಿ 31ರಂದು ಮೂಕನಾಯಕ ಹೊರಟಿದ್ದು ಅಚ್ಚುಮೊಳೆಯ ಬಲದಿಂದ. 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ಮಾತಾಡಿ, ಸ್ವಾತಂತ್ರ್ಯ, ಸಮಾನತೆ, ಸಹೋದರತೆ ತಮಗೆ ಸಿಕ್ಕಿದ್ದು ಫ್ರಾನ್ಸಿನ ಕ್ರಾಂತಿಯಿಂದಲ್ಲ, ಬುದ್ಧನ ಬೋಧನೆಯಿಂದ ಎಂದು ದೇಶಕ್ಕೆ ತಿಳಿಸಿದರು. ಇಂದು ನೀವು ಈ ಸಂದೇಶ ಓದುತ್ತಿರುವುದೂ ಫೋನಿನಲ್ಲೇ.

ಆದ್ದರಿಂದ ನಮಗೆ ಅಳತೆಗೋಲು ಒಂದು ಸಿಕ್ಕಿತು. ಈ ಸಾಧನ ನನಗೆ ಬಿಡುವು ಕೊಡುತ್ತಿದೆಯೋ, ನನ್ನ ಬಿಡುವನ್ನು ತಿನ್ನುತ್ತಿದೆಯೋ? ನಮ್ಮವರ ಬಿಡುವು ಪುಕ್ಕಟೆ ಬಂದದ್ದಲ್ಲ. ಜೀತ ಬಿಡಿಸಿಕೊಂಡು, ಕೆಲಸದ ಗಂಟೆಗೆ ಮಿತಿ ಹಾಕಿಸಿಕೊಂಡು, ಓದಿ ನೌಕರಿ ಹಿಡಿದು ಎರಡು ಮೂರು ತಲೆಮಾರಿನಲ್ಲಿ ಗಳಿಸಿದ್ದು. ರಾತ್ರಿ ಎಂಟರಿಂದ ಹತ್ತರವರೆಗಿನ ಆ ಎರಡು ಗಂಟೆ ಹೊಲ ಗದ್ದೆಯಷ್ಟೇ ಬೆಲೆಯ ಆಸ್ತಿ.

ಇನ್ನು ಟಿವಿ. ಊರಿಗೆಲ್ಲ ಒಂದೆರಡು ಮನೆಯಲ್ಲಿ ಮಾತ್ರ ಟಿವಿ ಇದ್ದ 1987ರ ಹೊತ್ತಿನಲ್ಲಿ ಭಾನುವಾರದ ರಾಮಾಯಣ ಧಾರಾವಾಹಿಯನ್ನು ಕಿಟಕಿಯ ಹೊರಗೆ ನಿಂತು ನೋಡಿದ ಹಿರಿಯರು ನಮ್ಮ ಬಳಗದಲ್ಲೇ ಇದ್ದಾರೆ. ಒಳಗೆ ಕೂರಲು ಯಾರಿಗೆ ಜಾಗ, ಅಂಗಳದಲ್ಲಿ ಯಾರು, ಕಿಟಕಿಯ ಹೊರಗೆ ಯಾರು ಎಂಬುದನ್ನು ಕೇಳಿದರೆ ಅವರು ಇಂದಿಗೂ ಹೇಳುತ್ತಾರೆ. ಅಂಥವರು ಸ್ವಂತ ದುಡಿಮೆಯಲ್ಲಿ ಮನೆಗೊಂದು ಟಿವಿ ತಂದಾಗ ಅದು ಬರೀ ಪೆಟ್ಟಿಗೆ ಆಗಿರಲಿಲ್ಲ. 2020ರಲ್ಲಿ ಜೀ ಕನ್ನಡದಲ್ಲಿ ಹಿಂದಿಯಿಂದ ಡಬ್ ಆದ ಮಹಾನಾಯಕ ಬಂದಾಗ ಊರೂರಿನ ಕೇರಿಗಳಲ್ಲಿ ಫ್ಲೆಕ್ಸ್ ಎದ್ದು ನಿಂತದ್ದು ನೆನಪಿರಬಹುದು. ಧಾರಾವಾಹಿಯೊಂದಕ್ಕೆ ಜನ ತಾವೇ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದ್ದು ಎಲ್ಲಿಯಾದರೂ ಉಂಟೇ? ಪುಟ್ಟ ಭೀಮ ಶಾಲೆಯಲ್ಲಿ ನೀರಿಗಾಗಿ ಕಾಯುವುದನ್ನು ಮೊಮ್ಮಕ್ಕಳ ಜೊತೆ ಕೂತು ನೋಡಿದ ಅಜ್ಜಿಯರಿಗೆ ಅದು ತಮ್ಮದೇ ಕಥೆ.

ಅದೇ ಪೆಟ್ಟಿಗೆಯಲ್ಲಿ ಬೆಳಗಾದರೆ ರಾಶಿಫಲ, ದೋಷ, ಪರಿಹಾರ. 22 ಪ್ರತಿಜ್ಞೆ ತೆಗೆದುಕೊಂಡ ಮನೆಯಲ್ಲಿ ಆರು ಗಂಟೆಗೆ ಯಾರೋ ಬಂದು ಗ್ರಹಗತಿ ಹೇಳಿ ಹೋಗುತ್ತಾರೆ. ಯಾವ ಚಾನೆಲ್ ನೋಡಬೇಕೆಂದು ನಾವು ಅಜ್ಜಿಗೆ ಪಾಠ ಹೇಳಬೇಕಿಲ್ಲ. ಆ ಹೊತ್ತಿಗೆ ರಿಮೋಟ್ ಕೈಯಲ್ಲಿದ್ದವರು ಬಟನ್ ಒತ್ತಿದರೆ ಆಯಿತು. ಅಜ್ಜಿಯ ಎರಡು ಸೀರಿಯಲ್‌ಗೆ ನಮ್ಮ ತಕರಾರಿಲ್ಲ.

ಈಗ ಆಟಕ್ಕೆ ಬರೋಣ. ಬುದ್ಧ ಆಟವನ್ನೇ ನಿಷೇಧಿಸಿದ್ದಾನೆ ಎಂದು ಕೆಲವರು ಬ್ರಹ್ಮಜಾಲ ಸುತ್ತವನ್ನು ತೋರಿಸುತ್ತಾರೆ. ಅಲ್ಲಿ ಒಂದು ಪಟ್ಟಿ ಇರುವುದು ನಿಜ. ಎಂಟು ಮನೆಯ ಸಾಲು, ಹತ್ತು ಮನೆಯ ಸಾಲಿನ ಹಲಗೆ ಆಟ, ದಾಳ, ನಮ್ಮ ಕುಂಟೆಬಿಲ್ಲೆಯಂಥದು, ಚಿನ್ನಿದಾಂಡಿನಂಥದು, ಲಾಗ ಹಾಕುವುದು, ಆಟಿಕೆ ಗಾಡಿ, ಆಟಿಕೆ ಬಿಲ್ಲು, ಎದುರಿನವನ ಮನಸ್ಸಿನಲ್ಲಿರುವುದನ್ನು ಊಹಿಸುವುದು. ಹಲಗೆಯೇ ಇಲ್ಲದೆ ಗಾಳಿಯಲ್ಲಿ ಹಲಗೆ ಕಲ್ಪಿಸಿಕೊಂಡು ಆಡುವ ಆಟವೂ ಆ ಪಟ್ಟಿಯಲ್ಲಿದೆ. ಇಂದಿನ ಹುಡುಗರು ಕೇಳಿದರೆ ಖುಷಿಪಡುತ್ತಾರೆ. ಆದರೆ ಆ ಪಟ್ಟಿ ಯಾರಿಗೆ? ಮನೆ ಬಿಟ್ಟು ಬಂದು, ಜನರು ನೀಡಿದ ಅನ್ನ ಉಣ್ಣುವ ಶ್ರಮಣರಿಗೆ. ಬುದ್ಧ ಇಂಥದರಿಂದ ದೂರ ಎಂದು ಜನ ಹೊಗಳುವುದನ್ನು ಅಲ್ಲಿ ಹೇಳಿದೆ. ಗೃಹಸ್ಥರ ಮಕ್ಕಳು ಲಗೋರಿ ಆಡಬಾರದು ಎಂದು ಅದರಲ್ಲಿಲ್ಲ.

ಗೃಹಸ್ಥರಿಗೆ ಹೇಳಿದ್ದು ಸಿಗಾಲೋವಾದ ಸುತ್ತದಲ್ಲಿದೆ. ಬಾಬಾಸಾಹೇಬರೂ ಬುದ್ಧ ಮತ್ತು ಆತನ ಧಮ್ಮದಲ್ಲಿ ಗೃಹಸ್ಥರ ವಿನಯವೆಂದು ಇದನ್ನೇ ಸೇರಿಸಿದ್ದಾರೆ. ರಾಜಗೃಹದ ಹೊರಗೆ ಒದ್ದೆ ಬಟ್ಟೆಯಲ್ಲಿ ದಿಕ್ಕುಗಳಿಗೆ ಕೈ ಮುಗಿಯುತ್ತಿದ್ದ ಯುವಕನಿಗೆ ಬುದ್ಧ ಸಂಪತ್ತು ಸೋರಿಹೋಗುವ ಆರು ಬಾಗಿಲು ತೋರಿಸುತ್ತಾನೆ. ಕುಡಿತ, ಹೊತ್ತಲ್ಲದ ಹೊತ್ತಿನಲ್ಲಿ ಬೀದಿ ಸುತ್ತುವುದು, ಜಾತ್ರೆ ತಮಾಷೆಗಳ ಹಿಂದೆ ಓಡುವುದು, ಜೂಜು, ಕೆಟ್ಟ ಗೆಳೆತನ, ಸೋಮಾರಿತನ.

ಇದರಲ್ಲಿ ತಮಾಷೆಗಳ ಭಾಗವನ್ನು ನಿಧಾನವಾಗಿ ಓದಬೇಕು. ಹಾಡು ಕೆಟ್ಟದ್ದು, ಕುಣಿತ ಪಾಪ ಎಂದು ಬುದ್ಧ ಅಲ್ಲಿ ಹೇಳುವುದಿಲ್ಲ. ಎಲ್ಲಿ ಕುಣಿತವಿದೆ, ಎಲ್ಲಿ ಹಾಡಿದೆ, ಎಲ್ಲಿ ಕಥೆ, ಎಲ್ಲಿ ತಮಟೆ ಎಂದು ಆ ಮನುಷ್ಯನ ಮನಸ್ಸು ಹುಡುಕುತ್ತಲೇ ಇರುತ್ತದೆ ಎನ್ನುತ್ತಾನೆ. ನೋಡುತ್ತಿರುವುದರಲ್ಲೇ ಅವನಿಗೆ ನೆಮ್ಮದಿ ಇಲ್ಲ, ಮುಂದಿನದು ಎಲ್ಲಿ ಎಂಬುದೇ ಚಿಂತೆ. ರೀಲ್ಸ್ ನೋಡುವಾಗ ನಿಮ್ಮ ಹೆಬ್ಬೆರಳನ್ನೇ ಗಮನಿಸಿ. ಒಂದು ಮುಗಿಯುವ ಮೊದಲೇ ಮೇಲಕ್ಕೆ ತಳ್ಳುತ್ತಿರುತ್ತದೆ. ಪುಸ್ತಕಕ್ಕೆ ಕೊನೆಯ ಪುಟ ಇದೆ, ನಾಟಕಕ್ಕೆ ಪರದೆ ಬೀಳುತ್ತದೆ, ಇದಕ್ಕೆ ತಳವೇ ಇಲ್ಲ. ಹಾಗೆ ತಳವಿಲ್ಲದಂತೆ ಮಾಡಿದ್ದು ಬೇಕೆಂದೇ. ನಾವು ನೋಡಿದಷ್ಟೂ ಅವರಿಗೆ ಜಾಹೀರಾತಿನ ದುಡ್ಡು.

ಸ್ಕಿನ್ನರ್ ಎಂಬ ಅಮೆರಿಕದ ಮನೋವಿಜ್ಞಾನಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದ. ಗುಂಡಿ ಕುಕ್ಕಿದರೆ ಕಾಳು. ಎಷ್ಟು ಸಲ ಕುಕ್ಕಿದರೆ ಕಾಳು ಬರುತ್ತದೆ ಎಂಬುದು ಗೊತ್ತಾಗದಂತೆ ಮಾಡಿದಾಗ ಹಕ್ಕಿ ಬಿಡದೆ ಕುಕ್ಕುತ್ತದೆ. ಕಾಳು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಗೇಮ್‌ನಲ್ಲಿ ಪೆಟ್ಟಿಗೆ ತೆರೆದರೆ ಒಮ್ಮೆ ಒಳ್ಳೆಯ ಬಂದೂಕು, ಹತ್ತು ಸಲ ಏನೂ ಇಲ್ಲ. ಲೆಕ್ಕ ಅದೇ.

ಜೂಜಿನ ವಿಷಯದಲ್ಲಿ ಬುದ್ಧ ಇನ್ನೂ ಖಾರವಾಗಿದ್ದಾನೆ. ಗೆದ್ದರೆ ಹಗೆ ಬೆಳೆಯುತ್ತದೆ. ಸೋತರೆ ಕಳೆದುಕೊಂಡದ್ದಕ್ಕೆ ಕೊರಗು. ಕಣ್ಣೆದುರೇ ಆಸ್ತಿ ಕರಗುತ್ತದೆ. ಸಭೆಯಲ್ಲಿ ಅವನ ಮಾತಿಗೆ ಬೆಲೆ ಇಲ್ಲ, ಗೆಳೆಯರು ಹೀಯಾಳಿಸುತ್ತಾರೆ, ಹೆಣ್ಣು ಕೊಡುವವರಿಲ್ಲ. ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳಲ್ಲಿ ಸಂಬಳ ಕಳೆದು, ಅದನ್ನು ತುಂಬಲು ಇನ್ನೊಂದು ಆ್ಯಪ್‌ನಲ್ಲಿ ಸಾಲ ತೆಗೆದು, ಕೊನೆಗೆ ಹೆಂಡತಿಯ ಓಲೆ ಅಡವಿಟ್ಟವರನ್ನು ನಾವೆಲ್ಲ ಕಂಡಿದ್ದೇವೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥವನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಮಾಡಿದೆ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಇದು ಮುಖ್ಯ. ದುಡ್ಡು ಕಳೆದುಕೊಂಡ ನಮ್ಮ ಹುಡುಗರು ಜೈಲಿನ ಭಯಕ್ಕೆ ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಮನೆಯಲ್ಲಿ ಹೇಳಲಿ, ಬಳಗದಲ್ಲಿ ಹೇಳಲಿ. ಒಬ್ಬನೇ ಕೊರಗುವುದರಿಂದಲೇ ಜೀವ ಹೋಗುವುದು.

ಆ ತಾಯಿಯ ಮಗನ ಗೇಮ್ ಈ ಜಾತಿಯದಲ್ಲ. ಅದು ಗುಂಪು ಕಟ್ಟಿ ಗುಂಡು ಹಾರಿಸುವ ಆಟ. ಆಡಲು ದುಡ್ಡು ಬೇಡ, ಆದರೆ ಒಳಗೆ ಡೈಮಂಡ್, ಬಟ್ಟೆ, ಬಂದೂಕಿನ ಬಣ್ಣ ಮಾರಾಟಕ್ಕಿವೆ. ಆದ್ದರಿಂದ ಅಕ್ಕ, ಮೊದಲು ನೋಡಬೇಕಾದದ್ದು ನಿಮ್ಮ ಯುಪಿಐ ಪಟ್ಟಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಹಾಕಿಸಿಕೊಳ್ಳಿ. ಬಳಗದ ಯಾವ ಹುಡುಗನಾದರೂ ಐದು ನಿಮಿಷದಲ್ಲಿ ಮಾಡಿಕೊಡುತ್ತಾನೆ. ಫೋನ್ ಒಡೆಯುವ ಮಾತು ಬೇಡ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಬಾಬಾಸಾಹೇಬರ ಸಂಪುಟಗಳು ಎಲ್ಲ ಬರುವುದು ಅದೇ ಫೋನಿಗೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಅಂದು ಎಲ್ಲರೂ ಎದ್ದು ಹೊರಡುವಾಗ ಡಿಗ್ರಿ ಓದುವ ಒಬ್ಬ ಹುಡುಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ್ದು. "ಗೇಮ್‌ನಲ್ಲಿ ನನ್ನ ಹೆಸರು ನಾನೇ ಇಟ್ಕೊಂಡಿದ್ದು ಅಣ್ಣ. ಅಲ್ಲಿ ಯಾರೂ ನಿಮ್ಮೂರು ಯಾವುದು, ನೀವು ಯಾವ ಪೈಕಿ ಅಂತ ಕೇಳಲ್ಲ. ಚೆನ್ನಾಗಿ ಆಡಿದ್ರೆ ರ‍್ಯಾಂಕ್ ಬರುತ್ತೆ, ಅಷ್ಟೆ."

ಕೇಳಿದವರು ಯಾರೂ ಉತ್ತರಿಸಲಿಲ್ಲ. ಹೊಸ ಕಾಲೇಜಿಗೆ ಸೇರಿದ ಮೊದಲ ವಾರ, ಬಾಡಿಗೆ ಮನೆ ಹುಡುಕುವ ದಿನ, ಕೆಲಸದ ಜಾಗದಲ್ಲಿ ಊಟದ ಡಬ್ಬಿ ತೆರೆಯುವ ಹೊತ್ತು, ಎಲ್ಲ ಕಡೆ ಸುತ್ತಿ ಬಳಸಿ ಬರುವ ಪ್ರಶ್ನೆ ಅದು. ಅದು ಬಾರದ ಜಾಗವೊಂದು ಹುಡುಗನಿಗೆ ಸಿಕ್ಕಿದೆ. ಆ ಜಾಗ ಸುಳ್ಳಿರಬಹುದು. ಧ್ವನಿಯಲ್ಲಿ ಮಾತಾಡುವ ಗುಂಪುಗಳಲ್ಲಿ ಜಾತಿ ಹೆಸರಿಡಿದು ಬೈಯುವವರೂ ಇದ್ದಾರೆಂದು ಅದೇ ಹುಡುಗ ಒಪ್ಪಿದ. ಆದರೂ ಅಂಕ ಎಣಿಸುವಾಗ ಯಂತ್ರ ಭೇದ ಮಾಡುವುದಿಲ್ಲ ಎಂಬುದು ಅವನಿಗೆ ಸಣ್ಣ ಸಂಗತಿಯಲ್ಲ.

ದುಃಖವಿದೆ ಎಂದ ಬುದ್ಧ ಅದಕ್ಕೆ ಕಾರಣವಿದೆ ಎಂದೂ ಹೇಳಿದ. ಮಗ ರಾತ್ರಿ ಒಂದರವರೆಗೆ ಆಡುತ್ತಾನೆ ಎಂಬುದು ನಮಗೆ ಕಂಡದ್ದು. ಯಾಕೆ ಆಡುತ್ತಾನೆ ಎಂದು ಕೇಳಿದವರು ಕಡಿಮೆ. ಅಪ್ಪ ಬೈಯುವ ಮೊದಲು ಒಂದು ದಿನ ಪಕ್ಕದಲ್ಲಿ ಕೂತು, "ಇದರಲ್ಲಿ ನೀನು ಯಾರು ಮಗ?" ಎಂದು ಕೇಳಲಿ. ಹೇಳಿದರೆ ಕೇಳಿಸಿಕೊಳ್ಳಲಿ. ನನ್ನ ಅಭಿಪ್ರಾಯದಲ್ಲಿ, ಅಂಥ ಇನ್ನೊಂದು ಜಾಗ ಕೊಡದೆ ಇರುವ ಜಾಗ ಕಿತ್ತುಕೊಂಡರೆ ಹುಡುಗ ಧಮ್ಮಕ್ಕೂ ಬರುವುದಿಲ್ಲ, ಮನೆಗೂ ಉಳಿಯುವುದಿಲ್ಲ. ನಮ್ಮ ಸಭಾಂಗಣ ವಾರದ ಆರು ದಿನ ಬೀಗ ಹಾಕಿಯೇ ಇರುತ್ತದೆ. ಹಿರಿಯರು ಇದನ್ನು ಮಾತಾಡಬೇಕು.

ಕೊನೆಯದಾಗಿ ಒಂದು ಸಲಹೆ, ಎಲ್ಲರಿಗೂ. ಉಪೋಸಥದ ದಿನ ಅಷ್ಟಶೀಲ ಪಾಲಿಸುವವರು ಹಾಡು, ಕುಣಿತ, ತಮಾಷೆ ನೋಡುವುದನ್ನು ಒಂದು ದಿನದ ಮಟ್ಟಿಗೆ ಬಿಡುತ್ತಾರೆ. ಬದುಕಿಡೀ ಅಲ್ಲ, ಒಂದು ದಿನ. ಬರುವ ಹುಣ್ಣಿಮೆಯ ಸಂಜೆ ಆರರಿಂದ ಮಾರನೆಯ ಬೆಳಿಗ್ಗೆಯವರೆಗೆ ಮನೆಯ ಫೋನುಗಳೆಲ್ಲ ಒಂದು ಡಬ್ಬದಲ್ಲಿರಲಿ. ಮಕ್ಕಳದ್ದು ಮಾತ್ರವಲ್ಲ, ಅಪ್ಪನದೂ. ಕರೆ ಬರಬೇಕಾದವರು ರಿಂಗ್ ಆಗುವಂತೆ ಬಿಡಿ, ಸಾಕು. ಅಂದು ಈ ಗುಂಪಿಗೂ ಸಂದೇಶ ಬರುವುದಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಿಗಾಲೋವಾದ ಸುತ್ತದ ಉಳಿದ ಭಾಗ ಓದುತ್ತೇವೆ. ಪುಸ್ತಕ ಇಲ್ಲದವರು ಫೋನಿನಲ್ಲೇ ತೆರೆದುಕೊಳ್ಳಿ. ಯಾರ ಮನೆಯಲ್ಲಾದರೂ ಹಳೆಯ ಕೇರಂ ಬೋರ್ಡ್ ಇದ್ದರೆ ತನ್ನಿ, ಓದು ಮುಗಿದ ಮೇಲೆ ಸಭಾಂಗಣ ಸಂಜೆಯವರೆಗೆ ತೆರೆದಿರುತ್ತದೆ.

ಜೈ ಭೀಮ್. ನಮೋ ಬುದ್ಧಾಯ.